ಒಂದೆಲೆ ಊಟದ ಸಾಕ್ಷಿ

ಸುಬ್ಬಾತಾಳಿಗೆ ಜಗಳವೆಂದರೆ ಭಯವಿರಲಿಲ್ಲ, ರಾಜಿಯೆಂದರೆ ಭಯ. ಜಗಳದಲ್ಲೇನು, ಇಬ್ಬರೂ ಬಾಯಿಗೆ ಬಂದದ್ದು ಬೈಯುತ್ತಾರೆ, ಹೊಟ್ಟೆಯೊಳಗಿನ ಕಿಚ್ಚೆಲ್ಲ ಹೊರಗೆ ಬೀಳುತ್ತದೆ, ನಾವೂ ಹುಷಾರಾಗಿರುತ್ತೇವೆ. ರಾಜಿಯಾದ ಮೇಲೆ ಮನುಷ್ಯ ಬಾಗಿಲಿಗೆ ಅಗುಳಿ ಹಾಕುವುದನ್ನೇ ಮರೆಯುತ್ತಾನೆ. ಅವಳ ಗಂಡ ಮಯಿಲ್‌ಸಾಮಿ ಹಾಗೆ ಮರೆತವನೇ.

ಕುನ್ನತ್ತೂರಿನ ಪಕ್ಕದ ತೋಟದಲ್ಲಿ ಮಯಿಲ್‌ಸಾಮಿಗೂ ಅವನ ಅಣ್ಣನಿಗೂ ಇದ್ದದ್ದು ಒಂದೇ ಬಾವಿ. ನೀರಿನ ಸರದಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕೊನೆಗೊಂದು ದಿನ ಬಾವಿ ಪಕ್ಕದ ಮೋಟಾರು ರೂಮಿನಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತು ರಾಜಿಯಾದರು.

ಅವರ ಜನರಲ್ಲಿ ಇದಕ್ಕೊಂದು ಕ್ರಮವಿತ್ತು. ತಲೆತಲಾಂತರದಿಂದ ತಮಿಳುನಾಡಿನಲ್ಲಿ ನೆಲೆನಿಂತು, ಬೀದಿಯಲ್ಲಿ ತಮಿಳು ಮನೆಯಲ್ಲಿ ಕನ್ನಡ ಆಡುವ ಬೇಸಾಯದ ಮಂದಿ ಅವರು. ಮುನಿದ ದಾಯಾದಿಗಳು ಒಂದಾದರೆ ಮಾರಿಯಮ್ಮನ ಗುಡಿಯ ಮುಂದೆ ಒಂದೇ ಬಾಳೆಎಲೆಯಲ್ಲಿ ಎದುರುಬದುರು ಕೂತು ಉಣ್ಣಬೇಕು. ಊರ ಹಿರಿಯ "ಕಂಡಿರಾ?" ಎಂದು ಕೇಳಬೇಕು, ನೆರೆದವರೆಲ್ಲ "ಕಂಡೆವು" ಎನ್ನಬೇಕು. ಆಮೇಲೆ ಮಾತು ಮುರಿದವನಿಗೆ ಊರಲ್ಲಿ ಕುಡಿಯಲು ನೀರೂ ಹುಟ್ಟುವುದಿಲ್ಲ. ಆದರೆ ಅಣ್ಣನಾದವನು, "ಊರಿಗೆಲ್ಲ ಯಾಕಪ್ಪ ತಮಟೆ ಹೊಡೆಯೋದು, ನಮ್ಮೊಳಗೇ ಇರ್ಲಿ" ಎಂದ. ಮಯಿಲ್‌ಸಾಮಿ ತಲೆಯಾಡಿಸಿದ. ಆ ಬೇಸಿಗೆ ಬಾವಿಯ ನೀರು ಇಳಿದಾಗ ಅದೇ ಅಣ್ಣ, "ಯಾವ ರಾಜಿ? ಕಂಡೋರು ಯಾರು?" ಎಂದು ಗುದ್ದಲಿ ಎತ್ತಿದ. ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲೇ ಮಯಿಲ್‌ಸಾಮಿ ಹೋಗಿಬಿಟ್ಟ. ಪಂಚಾಯಿತಿಯವರೂ ಪೊಲೀಸಿನವರೂ ಸುಬ್ಬಾತಾಳನ್ನು ಕೇಳಿದ್ದು ಒಂದೇ ಮಾತು, ಕಂಡೋರು ಯಾರು ಎಂದು.

ಅಂದು ಊರು ಬಿಟ್ಟವಳು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ನಂಜಪ್ಪನ್ ಎಂಬವರ ಅಡುಗೆಮನೆ ಸೇರಿಕೊಂಡಳು. ನಂಜಪ್ಪನ್ ಅವಳ ಜನವೇ. ತೋಟ ಮಾರಿ ಪಂಪುಸೆಟ್ಟಿನ ಕಾರ್ಖಾನೆ ಇಟ್ಟು ಮುಂದೆ ಬಂದ ಮನುಷ್ಯ. ಅವಳಿಗೆ ಅವರು ಮುದಲಾಳಿ, ಅಂದರೆ ಯಜಮಾನರು; ಅವರಿಗೆ ಅವಳು ಅಕ್ಕ. ಕಾರ್ಖಾನೆಯ ಹಿಂದೆ, ಬೇವಿನ ಮರದ ಅಂಗಳ ದಾಟಿದರೆ, ಹೊರಗಿನಿಂದ ಬಂದವರು ಇಳಿದುಕೊಳ್ಳುವ ಒಂದು ಸಣ್ಣ ಬಂಗಲೆ. ಅದರ ಒಲೆ, ಬೀಗದ ಕೈ, ಅಲ್ಲಿಗೆ ಬಂದವರ ಹೊಟ್ಟೆ ಎಲ್ಲ ಸುಬ್ಬಾತಾಳದೇ.

ಎಂಬತ್ತೇಳನೇ ಇಸವಿಯ ಆಡಿ ತಿಂಗಳು, ಆಷಾಢದ ಗಾಳಿಯ ಕಾಲ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಒಗೆದ ಬಟ್ಟೆ ಹಗ್ಗದ ಮೇಲೆ ನಿಲ್ಲುತ್ತಿರಲಿಲ್ಲ. ನಂಜಪ್ಪನ್ ಬೆಳಿಗ್ಗೆಯೇ ಅಡುಗೆಮನೆಗೆ ಬಂದು, ಯಾವತ್ತೂ ಇಲ್ಲದ ಹಾಗೆ ಬಾಗಿಲು ಮುಂದಕ್ಕೆ ತಳ್ಳಿದರು.

"ಅಕ್ಕಾ, ಫಾರಿನ್ನಿಂದ ಮೂರು ಜನ ಬರ್ತಾರೆ. ಯಾರಾದ್ರೂ ಕೇಳಿದ್ರೆ ಪಂಪು ಕೊಳ್ಳೋಕೆ ಬಂದೋರು ಅನ್ನು. ಅದಕ್ಕಿಂತ ಹೆಚ್ಚಿಗೆ ಉಸಿರೆತ್ತಬಾರ್ದು."

"ಸರೀಂಗ ಮುದಲಾಳಿ. ಪಂಪು ಕೊಳ್ಳೋಕಲ್ದಿದ್ರೆ ಮತ್ತೆ ಯಾತಕ್ಕೆ ಬರ್ತಾರೆ?"

ನಂಜಪ್ಪನ್ ತಲೆ ಕೆರೆದುಕೊಂಡರು. ನಿಜ ಹೇಳುವ ಹಾಗಿಲ್ಲ. ಸುಳ್ಳು ಹೇಳಿದರೆ ಈ ಹೆಂಗಸು ಕಣ್ಣಲ್ಲೇ ಹಿಡಿಯುತ್ತಾಳೆ. ನಡುವಿನದೊಂದು ಹುಡುಕಿದರು. "ಇಬ್ಬರು ಪಂಗಾಳಿಗಳು ಅಕ್ಕಾ, ದಾಯಾದಿಗಳು. ಒಂದೇ ಜಾಗಕ್ಕೆ ಹೊಡೆದಾಡ್ತಾ ಇದ್ದಾರೆ. ನಡುವೆ ಕೂತು ಮಾತಾಡ್ಸೋಕೆ ಎರಿಕ್ ದೊರೆ ಬರ್ತಾ ಇದ್ದಾರೆ."

ಎರಿಕ್ ದೊರೆ ಅವಳಿಗೆ ಗೊತ್ತು. ಸ್ವೀಡನ್ನಿನವರು, ನಂಜಪ್ಪನ್ನಿನ ಪಂಪುಗಳನ್ನು ಬಡ ದೇಶಗಳಿಗೆ ಕೊಂಡು ಕಳಿಸುವ ಧರ್ಮಸಂಸ್ಥೆಯವರು, ಅವಳ ಹುರುಳಿ ರಸಂ ಬೇಡಿ ಬೇಡಿ ಕುಡಿಯುವವರು. ಮಿಕ್ಕ ಇಬ್ಬರ ವಿಷಯ ಅವಳಿಗೆ ಅಂದು ಗೊತ್ತಾಗಲಿಲ್ಲ, ಕತೆ ಕೇಳುವವರಿಗೆ ಮುಚ್ಚಿಡುವುದೇಕೆ. ಒಬ್ಬರು ಡಾಕ್ಟರ್ ನಬೀಲ್, ಪ್ಯಾಲೆಸ್ತೀನಿನವರು, ತಮ್ಮ ಜನರ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. ಇನ್ನೊಬ್ಬರು ಯೋರಾಮ್, ಇಸ್ರೇಲಿನವರು, ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದು ಈಗ ಮಂತ್ರಿಗಳಿಗೆ ಬುದ್ಧಿ ಹೇಳುವವರು. ಇಂಥ ಭೇಟಿಗೆ ಯೋರಾಮರ ದೇಶದಲ್ಲಿ ಜೈಲು. ಡಾಕ್ಟರ ಕಡೆಯಲ್ಲಿ ಜೈಲೂ ಇಲ್ಲ, ನೇರ ಗುಂಡು. ಅದಕ್ಕೇ ಲೋಕದ ಕಣ್ಣು ಯಾವತ್ತೂ ಬೀಳದ ಊರೊಂದನ್ನು ಎರಿಕ್ ಹುಡುಕಿದ್ದರು. ಕಬ್ಬಿಣ ಕಡೆಯುವ ಲೇತು ಯಂತ್ರಗಳ ಸದ್ದಿನ ನಡುವಿನ ಗಣಪತಿಯಲ್ಲಿ ಯಾರು ಯಾರನ್ನು ಕಂಡಾರು?

ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರು ಮುಂದಿನ ಕೋಣೆ, ಯೋರಾಮ್ ಹಿಂದಿನ ಕೋಣೆ, ನಡುವಿನ ಹಾಲಿನಲ್ಲಿ ಎರಿಕ್ ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ. ಊಟವೂ ಬೇರೆ ಬೇರೆ. ಕಾಫಿ ಕೊಡಲು ಹೋದಾಗಲೆಲ್ಲ ಸುಬ್ಬಾತಾಳಿಗೆ ಹಳೆಯದು ನೆನಪಾಗುತ್ತಿತ್ತು. ಭಾಷೆ ಒಂದಕ್ಷರ ತಿಳಿಯದಿದ್ದರೇನು, ಇದು ಅವಳು ಕಣ್ಣಾರೆ ಕಂಡ ಸಂಸಾರವೇ. ಅವಳ ಭಾವನೂ ಗಂಡನೂ ಒಬ್ಬರ ಹೆಸರು ಒಬ್ಬರು ಎತ್ತದೆ "ಆ ಕಡೆಯೋನು" ಎನ್ನುತ್ತಿದ್ದರು. ಇವರೂ ಹೆಸರೆತ್ತುವುದಿಲ್ಲವಂತೆ, ಇವರ ದೇಶದ ಹೆಸರು ಅವರಿಗಾಗದು, ಅವರ ಸಂಘದ ಹೆಸರು ಇವರಿಗಾಗದು ಎಂದು ನಂಜಪ್ಪನ್ನೇ ಬಾಯಿ ತಪ್ಪಿ ಹೇಳಿದರು. ಅವಳು ದೇಶ ಎಂದರೆ ಊರು ಎಂದುಕೊಂಡಳು.

ಮಾರನೆಯ ದಿನ ಒಂದೇ ಮೇಜಿಗೆ ಬಂದರು. ಮೇಜಿನ ಮೇಲೆ ನಕ್ಷೆ ಹರಡಿದರು. ಯೋರಾಮ್ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಡಾಕ್ಟರು ರಬ್ಬರಿನಲ್ಲಿ ಅಳಿಸುತ್ತಾರೆ. ಡಾಕ್ಟರು ಎಳೆದದ್ದನ್ನು ಯೋರಾಮ್ ಅಂಗೈಯಿಂದ ಮುಚ್ಚುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಸಲ ಡಾಕ್ಟರು ಸಣ್ಣ ಸೊನ್ನೆ ಬರೆದು ಅದರ ಮೇಲೆ ಬೆರಳು ಕುಟ್ಟಿ ಕುಟ್ಟಿ ಏನೋ ಕೂಗಿದರು. ಸುಬ್ಬಾತಾಳು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟಳು.

ಹೊರಗೆ ಬಂದ ನಂಜಪ್ಪನ್ನನ್ನು ತಡೆದು ಕೇಳಿದಳು, "ಅದು ಬಾವಿ ಅಲ್ವಾ ಮುದಲಾಳಿ?"

"ಹ್ಞೂಂ. ನೀರಿನ ತಕರಾರೂ ಐತೆ."

"ನಾನು ಅಂದ್ಕೊಂಡೆ" ಎಂದಳು. ಆ ಹೊತ್ತಿನಿಂದ ಅವಳಿಗೆ ಆ ಇಬ್ಬರು ಹೊರಗಿನವರಾಗಿ ಉಳಿಯಲಿಲ್ಲ. ಈ ಸಲವಾದರೂ ರಕ್ತ ಬೀಳದೆ ಮುಗಿಯಲಿ ತಾಯೀ ಎಂದು ಮಾರಿಯಮ್ಮನಿಗೆ ಒಂದು ರವಿಕೆ ಬಟ್ಟೆ ಹರಸಿಕೊಂಡಳು. ಅವಳ ಮಟ್ಟಿಗೆ ಅವರ ಕೆಲಸ ಇನ್ನು ಅವಳ ಕೆಲಸವೂ ಆಯಿತು.

ಮಾತು ಒಂದು ದಿನ ಮುಂದೆ ಹೋದರೆ ಎರಡು ದಿನ ಹಿಂದೆ ಬರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎರಿಕ್ ಪಾಡುಪಡುತ್ತಿದ್ದರು. ಅವರ ಬಿಳಿ ಮುಖ ನಿದ್ದೆಗೆಟ್ಟು ಸುಣ್ಣವಾಗಿತ್ತು. ಹೇಗೋ ಏನೋ, ಒಂದು ಹಾಳೆಯಷ್ಟು ಒಪ್ಪಂದ ಕೂಡಿಬರುವ ಹಾಗೆ ಕಂಡಿತು. ಅಷ್ಟರಲ್ಲಿ ಟ್ರಂಕ್ ಕಾಲ್ ಬಂತು.

ಫೋನು ಇದ್ದದ್ದು ಕಾರ್ಖಾನೆಯ ಆಫೀಸಿನಲ್ಲಿ. ಎರಿಕ್ ಓಡಿಹೋಗಿ ಮಾತಾಡಿ, ನಡೆದು ವಾಪಸು ಬಂದರು. ಆ ನಡಿಗೆ ನೋಡಿಯೇ ಸುಬ್ಬಾತಾಳು ಸೌಟು ಕೆಳಗಿಟ್ಟಳು. ಹಾಲಿನಲ್ಲಿ ಒಂದೆರಡು ಮಾತು ಕೇಳಿಸಿತು, ಆಮೇಲೆ ಡಾಕ್ಟರ ಗಂಟಲಿನಿಂದ ಬಂದ ಸದ್ದು ಮನುಷ್ಯರದ್ದಾಗಿರಲಿಲ್ಲ. ಕೋಣೆಯ ಬಾಗಿಲು ಧಡಾರನೆ ಮುಚ್ಚಿತು.

ನಂಜಪ್ಪನ್ ಅಡುಗೆಮನೆಯ ಗೋಡೆಗೆ ಒರಗಿ ನಿಂತರು. "ಡಾಕ್ಟರ ತಂಗಿ ಮಗ ಸತ್ತೋದ ಅಕ್ಕಾ. ಮನೆ ಮೇಲೆ ಬಾಂಬು ಬಿದ್ದು. ಹಾಕಿದ್ದು ಇವರ ಕಡೆಯೋರೇ."

"ಇವರ ಅಂದ್ರೆ?"

"ಯೋರಾಮ್ ಕಡೆಯೋರು."

 ಮುಗಿಯಿತು ಇನ್ನು, ಎಂದುಕೊಂಡಳು ಸುಬ್ಬಾತಾಳು. ಮೊದಲು ಮಾಡಿದ ಕೆಲಸವೆಂದರೆ ಈಳಿಗೆಮಣೆಯನ್ನೂ ತೆಂಗಿನಕಾಯಿ ಒಡೆಯುವ ಮಚ್ಚನ್ನೂ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟದ್ದು. ಅಂಗಳದಲ್ಲಿ ಗಿಡದ ಪಾತಿಗೆಂದು ಇದ್ದ ಗುದ್ದಲಿಯನ್ನು ಕಾರ್ಖಾನೆಯ ಕಾವಲುಗಾರನಿಗೆ ಕೊಟ್ಟು ಬಂದಳು. ನಗುವವರು ನಗಲಿ, ಗುದ್ದಲಿ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು.

ಆದರೆ ಆಮೇಲೆ ಅವಳು ಕಂಡದ್ದು ಅವಳ ಊರಿನಲ್ಲಿ ಯಾವತ್ತೂ ಆಗದೆ ಹೋದದ್ದು. ಯೋರಾಮ್ ಬಂದು ಡಾಕ್ಟರ ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತರು. ಕುರ್ಚಿ ತಂದರೆ ಬೇಡವೆಂದರು. ಕಾಫಿ ಇಟ್ಟರೆ ಮುಟ್ಟಲಿಲ್ಲ. ಬಾಗಿಲು ತಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಅಷ್ಟು ದೊಡ್ಡ ದೇಹ ಗೋಡೆಗೆ ಆತು ಮಧ್ಯಾಹ್ನವೆಲ್ಲ ಕೂತೇ ಇತ್ತು. ಲೇತುಗಳು ನಿಂತು ಕೂಲಿಯವರು ಮನೆಗೆ ಹೊರಟ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರು ಕೆಳಗೆ ಕೂತವರನ್ನು ನೋಡಿದರು, ಬೈಯುತ್ತಾರೆಂದು ಸುಬ್ಬಾತಾಳು ಕಾದಳು. ಡಾಕ್ಟರು ಹೊಸಲಿನ ಮೇಲೆ ಅವರ ಪಕ್ಕದಲ್ಲೇ ಕುಸಿದು ಕೂತರು.

ಮರುದಿನ ಮಧ್ಯಾಹ್ನ ಆ ಇಬ್ಬರೂ ಬೇವಿನ ಮರದಡಿಯ ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ಸುಬ್ಬಾತಾಳು ಅವರ ನಡುವೆ ಒಂದು ಅಗಲವಾದ ಬಾಳೆಎಲೆ ಹಾಸಿದಳು. ತಟ್ಟೆ ತೊಳೆದಿಲ್ಲ ಎಂದು ಕೈಸನ್ನೆ ಮಾಡಿದಳು, ಹಸಿ ಸುಳ್ಳು. ಮೊದಲು ಎಲೆಯ ಎರಡೂ ಬದಿ ಉಪ್ಪಿಟ್ಟಳು, ಆಮೇಲೆ ಅನ್ನ, ನುಗ್ಗೆಕಾಯಿ ಸಾಂಬಾರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಸಿದ ಮಕ್ಕಳ ಹಾಗೆ ಎಲೆಗೆ ಕೈ ಹಾಕಿದರು. ಯೋರಾಮರಿಗೆ ನುಗ್ಗೆಕಾಯಿ ಏನೆಂದು ತಿಳಿಯದು, ಸಿಪ್ಪೆ ಸಮೇತ ಅಗಿದು ಒದ್ದಾಡಿದರು. ಡಾಕ್ಟರು ಸುಬ್ಬಾತಾಳನ್ನು ಕೈಸನ್ನೆಯಲ್ಲೇ ಕೇಳಿ ಕಲಿತು, ಹಲ್ಲಲ್ಲಿ ಎಳೆದು ತಿರುಳು ತಿನ್ನುವುದನ್ನು ತೋರಿಸಿಕೊಟ್ಟರು. ಅಡುಗೆಮನೆಯೊಳಗೆ ಬಂದು ಸುಬ್ಬಾತಾಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಳು ನಿಂತ ಮೇಲೆ ಹೆದರಿಕೆ ಹಿಡಿಯಿತು. ಕಂಡೋರು ಯಾರು?

ನಂಜಪ್ಪನ್ನೂ ಎರಿಕ್ಕೂ ಆಫೀಸಿನಲ್ಲಿ ಫೋನಿನ ಮುಂದೆ. ಕಂಡವಳು ಅವಳೊಬ್ಬಳೇ, ಒಂದು ಹೆಂಗಸಿನ ಮಾತು ಯಾವ ಪಂಚಾಯಿತಿಯಲ್ಲಿ ನಿಂತಿತ್ತು ಹೇಳಿ. ನಾಳೆ ಊರಿಗೆ ಹೋದ ಮೇಲೆ ಇಬ್ಬರಲ್ಲೊಬ್ಬ "ಯಾವ ರಾಜಿ?" ಅಂದರೆ? ಮೋಟಾರು ರೂಮಿನಲ್ಲಿ ಆದದ್ದೇ ಮತ್ತೆ ಆದರೆ? ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಗ ನೆನಪಾದವನು ಗೋಪಾಲಸಾಮಿ.

ಗೋಪಾಲಸಾಮಿ ಅವಳ ಅಣ್ಣನ ಮಗ, ಮದುವೆಯಾಗಿ ಮಕ್ಕಳಿದ್ದವನು. ಗಾಂಧಿಪುರಂ ಬಸ್‌ ಸ್ಟ್ಯಾಂಡಿನ ಎದುರು ಅವನದೊಂದು ಫೋಟೋ ಸ್ಟುಡಿಯೋ. ಅತ್ತೆಗೆ ನಾಟಿಕೋಳಿ ಮೊಟ್ಟೆ ತಂದುಕೊಡಲು ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬರುವವನು. ಮಾರನೆಯ ದಿನ ಬಂದಾಗ ಹಿತ್ತಲ ಬಾಗಿಲಲ್ಲೇ ಹಿಡಿದಳು.

"ಹೋಗಿ ಕ್ಯಾಮರಾ ತಗೊಂಡು ಬಾ. ಇಬ್ಬರು ಪಂಗಾಳಿಗಳು ರಾಜಿ ಆಗಿದ್ದಾರೆ. ಒಂದೆಲೆ ಊಟ. ಈ ಕಿಟಕಿಯಿಂದ ತೆಗಿ."

"ಅವರ ಹತ್ರ ಕೇಳಬೇಡ್ವಾ ಅತ್ತೆ?"

"ಕೇಳಿದ್ರೆ ನಾಚ್ಕೊಂಡು ಎದ್ದುಹೋಗ್ತಾರೆ. ಹೋಗೋವಾಗ ಕೈಗೆ ಕೊಟ್ರೆ ಸಂತೋಷಪಡ್ತಾರೆ. ಅವನಿಗೊಂದು, ಇವನಿಗೊಂದು, ನನಗೊಂದು."

ಉಸಿರೆತ್ತಬಾರದು ಎಂದು ಮುದಲಾಳಿ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಅದಕ್ಕೂ ಸಮಜಾಯಿಷಿ ಇತ್ತು. ಗೋಪಾಲಸಾಮಿ ಮನೆಯ ಹುಡುಗ, ಹೊರಗಿನವನಲ್ಲ. ಮೇಲಾಗಿ ಫೋಟೋ ಮಾತಾಡುತ್ತದೆಯೆ? ಮನುಷ್ಯ ಒಳ್ಳೆಯದು ಮಾಡಲು ಹೊರಟಾಗ ಅವನ ಬುದ್ಧಿ ವಕೀಲನಾಗಿಬಿಡುತ್ತದೆ. ಮತ್ತೆ ಎಲೆ ಹಾಸಿದಳು, ಮತ್ತೆ ನುಗ್ಗೆಕಾಯಿ ಬಡಿಸಿದಳು. ಗೋಪಾಲಸಾಮಿ ಕಿಟಕಿಯ ಸರಳುಗಳ ನಡುವೆ ಕ್ಯಾಮರಾ ಇಟ್ಟು ಕಾದ. ಯೋರಾಮ್ ನುಗ್ಗೆಕಾಯಿಯನ್ನು ಕೊಳಲಿನ ಹಾಗೆ ಬಾಯಿಗಿಟ್ಟುಕೊಂಡದ್ದನ್ನು ನೋಡಿ ಡಾಕ್ಟರು ತಲೆ ಹಿಂದಕ್ಕೆ ಹಾಕಿ ನಕ್ಕು ಅವರ ಹೆಗಲ ಮೇಲೆ ಕೈಯಿಟ್ಟರು. ಆ ಗಳಿಗೆಗೆ ಅವನು ಒತ್ತಿದ. ಲೇತಿನ ಸದ್ದಿನಲ್ಲಿ ಕ್ಯಾಮರಾದ ಸದ್ದು ಯಾರಿಗೂ ಕೇಳಿಸಲಿಲ್ಲ.

ಹೊರಡುವ ದಿನ ಬಂತು. ಒಪ್ಪಂದದ ಹಾಳೆಗೆ ಹೆಸರಿರಲಿಲ್ಲ, ಸಹಿಯಿರಲಿಲ್ಲ; ಆದರೂ ಇಬ್ಬರೂ ಒಂದೊಂದು ಪ್ರತಿ ಎದೆಯ ಜೇಬಿನಲ್ಲಿಟ್ಟುಕೊಂಡಿದ್ದರು. ತಮ್ಮ ತಮ್ಮ ನಾಯಕರ ಮುಂದೆ ಬಾಯಿಮಾತಿನಲ್ಲಿ ಇಟ್ಟು, ಹದ ನೋಡಿ, ಆಮೇಲೆ ಬಯಲಿಗೆ ತರುವುದೆಂದು ತೀರ್ಮಾನ. ಎರಿಕ್ ಬಂದ ದಿನದಿಂದ ಮೊದಲ ಸಲ ಸೀಟಿ ಹಾಕುತ್ತಿದ್ದರು. ಅಂಬಾಸಿಡರ್ ಕಾರು ಅಂಗಳದಲ್ಲಿ ನಿಂತಿತ್ತು.

ಸುಬ್ಬಾತಾಳು ಹೊಸ ಸೀರೆ ಉಟ್ಟು, ಒಂದು ತಟ್ಟೆಯಲ್ಲಿ ಅರಿಸಿನ, ಮಲ್ಲಿಗೆ, ಎರಡು ಕವರು ಇಟ್ಟುಕೊಂಡು ಬಂದಳು. ಗೋಪಾಲಸಾಮಿ ಬೆಳಿಗ್ಗೆಯಷ್ಟೇ ತಂದುಕೊಟ್ಟದ್ದು. ಡಾಕ್ಟರು ನಗುತ್ತಲೇ ಕವರು ಬಿಚ್ಚಿದರು. ನಗು ತುಟಿಯ ಮೇಲೆ ಹಾಗೇ ಉಳಿದು, ಮುಖದ ಬಣ್ಣ ಮಾತ್ರ ಇಳಿದುಹೋಯಿತು. ಯೋರಾಮ್ ಅವರ ಕೈಯಿಂದ ಫೋಟೋ ಎಳೆದುಕೊಂಡು ನೋಡಿ, ಕಾರಿನ ಬಾಗಿಲು ಹಿಡಿದು ಮೆಲ್ಲಗೆ ಸೀಟಿನ ಮೇಲೆ ಕೂತರು. ಎರಿಕ್ಕಿನ ಸೀಟಿ ನಿಂತಿತು. ಯಾರೂ ಕೂಗಲಿಲ್ಲ. ಕೂಗಿದ್ದರೆ ಸುಬ್ಬಾತಾಳಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

"ಏನ್ ಮಾಡಿದೆ ಅಕ್ಕಾ" ಎಂದರು ನಂಜಪ್ಪನ್. ಅವರ ದನಿ ಅವರಿಗೇ ಕೇಳಿಸುವಷ್ಟು ಸಣ್ಣದಾಗಿತ್ತು. "ತೆಗೆದೋನು ಯಾರು? ಇನ್ನೂ ಎಷ್ಟು ಐತೆ? ನೆಗೆಟಿವ್ ಎಲ್ಲಿ?"

ತನ್ನ ಪಾಲಿನದೊಂದು ಪೆಟ್ಟಿಗೆಯಲ್ಲಿದೆ, ನೆಗೆಟಿವು ಸ್ಟುಡಿಯೋದಲ್ಲಿದೆ ಎಂದಳು. ಮೂರು ಫೋಟೋಗಳೂ ಅವಳದೇ ಒಲೆಯಲ್ಲಿ ಸುರುಟಿ ಸುಟ್ಟುಹೋದವು. ಎರಿಕ್ ಇಬ್ಬರನ್ನೂ ಬೇರೆ ಬೇರೆ ಕಾರಿನಲ್ಲಿ ಹೊರಡಿಸಿದರು. ಹೊರಡುವ ಮುಂಚೆ ಡಾಕ್ಟರು ಅವಳ ಹತ್ತಿರ ಬಂದು ಏನೋ ಹೇಳಿದರು, ಅವಳ ತಲೆ ಮುಟ್ಟಿದರು. ಬೈದರೋ ಹರಸಿದರೋ ಅವಳಿಗೆ ತಿಳಿಯಲಿಲ್ಲ.

ನಂಜಪ್ಪನ್ ಅವಳನ್ನು ಕೂರಿಸಿಕೊಂಡು ಗಾಂಧಿಪುರಂಗೆ ಕಾರು ಓಡಿಸಿದರು. ಬಸ್‌ ಸ್ಟ್ಯಾಂಡಿನ ಜನಜಂಗುಳಿಯ ಎದುರು ಸ್ಟುಡಿಯೋದ ಗಾಜಿನ ಶೋಕೇಸು. ಅದರೊಳಗೆ, ಹಾರ ಹಾಕಿಕೊಂಡ ಮದುಮಗಳಿಗೂ ಬೋರಲು ಮಲಗಿದ ಮಗುವಿಗೂ ನಡುವೆ, ದೊಡ್ಡದಾಗಿ ಮಾಡಿ ಚೌಕಟ್ಟು ಹಾಕಿ, ಆ ಇಬ್ಬರು. ಒಂದೇ ಎಲೆ, ಬಾಯಲ್ಲಿ ನುಗ್ಗೆಕಾಯಿ, ಹೆಗಲ ಮೇಲೆ ಕೈ. ಬಸ್ಸಿಗೆ ಕಾಯುವವರು ನಿಂತು ನೋಡಿ ನಗುತ್ತಿದ್ದರು.

 ಹತ್ತು ಜನ ಕಾಣಲೆಂದು ಬಯಸಿದವಳಲ್ಲವೇ ಸುಬ್ಬಾತಾಳು, ಊರಿಗೆ ಊರೇ ಕಾಣುತ್ತಿತ್ತು.

"ಇಷ್ಟು ಚೆನ್ನಾಗಿ ಬಂದಿತ್ತು ಅತ್ತೆ, ಇಡದೆ ಇರೋಕೆ ಆಗ್ಲಿಲ್ಲ" ಎಂದ ಗೋಪಾಲಸಾಮಿ. "ನಿನ್ನೆ ತಾನೇ ಇಟ್ಟೆ. ಯಾರಿಗೂ ಕಾಪಿ ಕೊಟ್ಟಿಲ್ಲ ಮುದಲಾಳಿ, ಮಾರಿಯಮ್ಮನ ಆಣೆ. ಕಾಲೇಜಲ್ಲಿ ಓದೋ ಫಾರಿನ್ ಹುಡುಗರು ಕೆಲವರು ತುಂಬ ಹೊತ್ತು ನಿಂತು ನೋಡಿದ್ರು, ಅಷ್ಟೇ. ಅವರೂ ಏನೂ ಕೇಳಲಿಲ್ಲ."

ನಂಜಪ್ಪನ್ ಚೌಕಟ್ಟು, ನೆಗೆಟಿವು ಎರಡನ್ನೂ ಕೊಂಡುಹೋಗಿ ಕಾರ್ಖಾನೆಯ ಕುಲುಮೆಗೆ ಹಾಕಿದರು. ಆಮೇಲೆ, ಕುಲುಮೆಯ ಮುಂದೆ ನಿಂತೇ, ನಿಜ ಹೇಳಿದರು. ಅವರು ದಾಯಾದಿಗಳಲ್ಲ, ಎರಡು ಜನಾಂಗದ ಮುಂದಾಳುಗಳು. ಜೊತೆಗೆ ಕೂತದ್ದನ್ನು ಯಾರಾದರೂ ಕಂಡರೆ ಅವರವರ ಕಡೆಯವರೇ ಅವರನ್ನು ಬಿಡುವುದಿಲ್ಲ.

ಸುಬ್ಬಾತಾಳು ಕುಲುಮೆಯ ಬೆಂಕಿ ಬಿಟ್ಟು ಅವರ ಕಡೆ ತಿರುಗಿದಳು. "ರಾಜಿ ಆದದ್ದಕ್ಕೆ ಕೊಲ್ತಾರಾ?"

"ಹ್ಞೂಂ ಅಕ್ಕಾ."

"ನಮ್ಮ ಮನೆಯೋರು ಯಾರೂ ಕಾಣದೆ ಹೋದದ್ದಕ್ಕೆ ಸತ್ರು. ಅಲ್ಲಿ ಕಂಡ್ರೆ ಸಾಯಿಸ್ತಾರಾ? ಅದೆಂಥ ಊರು ಮುದಲಾಳಿ? ನೀವು ಯಾಕೆ ಪಂಗಾಳಿಗಳು ಅಂದ್ರಿ?"

ನಂಜಪ್ಪನ್ ಕುಲುಮೆಯ ಬಾಗಿಲು ಮುಚ್ಚಿದರು. ಪಂಗಾಳಿಗಳು ಎಂಬ ಆ ಒಂದು ಮಾತು ಅವರ ಎದೆಗೂ ನಾಟಿತ್ತು.

ಅಂದಿನಿಂದ ಸುಬ್ಬಾತಾಳು ರೇಡಿಯೋ ಕೇಳತೊಡಗಿದಳು. ಮೊದಲೆಲ್ಲ ಮಳೆಯ ಸುದ್ದಿಯ ಜೊತೆ ಕಿವಿಯ ಮೇಲೆ ಹಾದುಹೋಗುತ್ತಿದ್ದ ಹೆಸರುಗಳು ಈಗ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದವು. ತಮಿಳು ವಾರ್ತೆಯಲ್ಲಿ ಇಸ್ರೇಲ್ ಎಂದರೆ ಒಗ್ಗರಣೆ ಸೀದುಹೋಗುತ್ತಿತ್ತು. ಆಡಿ ಕಳೆಯಿತು, ಆವಣಿ ಕಳೆಯಿತು, ಏನೂ ಆಗಲಿಲ್ಲ. ದೀಪಾವಳಿಯೂ ಸುಮ್ಮನೆ ಹೋಯಿತು. ಮಾರಿಯಮ್ಮ ಕಣ್ಣು ಬಿಟ್ಟಳು ಎಂದು ಅವಳು ಕುನ್ನತ್ತೂರಿಗೆ ಹೋಗಿ ಹರಸಿಕೊಂಡ ರವಿಕೆ ಬಟ್ಟೆ ಒಪ್ಪಿಸಿ ಬಂದಳು. ನಂಜಪ್ಪನ್ನೂ ಮತ್ತೆ ಅಡುಗೆಮನೆಯಲ್ಲಿ ನಿಂತು ತಮಾಷೆ ಮಾಡತೊಡಗಿದರು.

ಕಾರ್ತಿಕ ದೀಪಗಳ ಎಣ್ಣೆ ಇನ್ನೂ ಗೂಡುಗಳಲ್ಲಿ ಆರಿರಲಿಲ್ಲ, ಒಂದು ಬೆಳಿಗ್ಗೆ ನಂಜಪ್ಪನ್ ಇಂಗ್ಲಿಷ್ ಪೇಪರು ಹಿಡಿದು ಬಂದರು. ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯೊಳಗೆ ಬಂದುಬಿಟ್ಟಿದ್ದರು. 

ಪೇಪರನ್ನು ಅವರು ನೆಲದ ಮೇಲೆ ಹಾಸಿದರು. ಮಸಿ ಮಸಿಯಾಗಿ ಅಚ್ಚಾಗಿದ್ದರೂ ಅವಳು ಓದುವ ಅಗತ್ಯವಿರಲಿಲ್ಲ. ಅದೇ ಎಲೆ, ಅದೇ ನುಗ್ಗೆಕಾಯಿ, ಅದೇ ಹೆಗಲ ಮೇಲಿನ ಕೈ. ಚಿತ್ರದ ಅಂಚಿನಲ್ಲಿ ಅರ್ಧ ಮದುಮಗಳ ಹಾರ ಕಾಣುತ್ತಿತ್ತು, ಮೇಲ್ಗಡೆ ಟ್ಯೂಬ್‌ಲೈಟಿನ ಬೆಳಕು ಗಾಜಿಗೆ ಬಿದ್ದ ಬಿಳಿ ಗೆರೆ. ಗೋಪಾಲಸಾಮಿ ಯಾರಿಗೂ ಕಾಪಿ ಕೊಟ್ಟಿರಲಿಲ್ಲ, ಪಾಪ, ನಿಜವನ್ನೇ ಹೇಳಿದ್ದ. ಆ ಫಾರಿನ್ ಹುಡುಗರೋ ಏನೋ, ಯಾರೋ ಶೋಕೇಸಿನ ಎದುರು ನಿಂತು, ಗಾಜಿನ ಮೂಲಕವೇ ಫೋಟೋದ ಫೋಟೋ ತೆಗೆದುಕೊಂಡು ಹೋಗಿದ್ದರು.

"ಯಾರು?" ಎಂದಳು.

"ಡಾಕ್ಟರು. ಯಾವುದೋ ಊರಿನ ಹೋಟೆಲ್ ಮೆಟ್ಟಿಲ ಮೇಲೆ. ಗುಂಡು ಹೊಡೆದು, ಈ ಚಿತ್ರಾನ ಮೈಮೇಲೆ ಹಾಕಿ ಹೋಗಿದ್ದಾರೆ. ಡಾಕ್ಟರ ಕಡೆಯೋರೇ."

ಸುಬ್ಬಾತಾಳು ಕೂತಳು. ಅಳು ಬರಲಿಲ್ಲ. ಅಂದು ತಲೆ ಮುಟ್ಟಿದ ಕೈಯ ಭಾರ ಈಗ ಮತ್ತೆ ತಲೆಯ ಮೇಲೆ ಬಂದು ಕೂತಿತು. ತಾನೇ ಹಾಸಿದ ಎಲೆ, ತಾನೇ ಇಟ್ಟ ಉಪ್ಪು, ತಾನೇ ತೋರಿಸಿದ ಕಿಟಕಿ. ಎಲ್ಲಿಂದ ನೋಡಿದರೂ ತಾನೇ.

"ಇನ್ನೊಬ್ಬರು?" ಎಂದಳು. "ಅವರು ಏನಂದ್ರು? ನಾನಲ್ಲ ಅಂದ್ರಾ? ಯಾವ ರಾಜಿ ಅಂದ್ರಾ?"

ನಂಜಪ್ಪನ್ ಪೇಪರಿನ ಮೇಲೆ ಬಗ್ಗಿ ಬೆರಳಿಟ್ಟು ನಿಧಾನವಾಗಿ ಓದಿದರು, ಓದಿದ್ದನ್ನು ಮನೆಯ ಕನ್ನಡಕ್ಕೆ ತಿರುಗಿಸಿದರು. ಯೋರಾಮರನ್ನು ಪೊಲೀಸರು ಹಿಡಿದಿದ್ದರು. ಅದು ಸುಳ್ಳು ಚಿತ್ರ, ಯಾರೋ ಅಂಟಿಸಿ ಮಾಡಿದ್ದು ಎಂದುಬಿಡಿ, ಬಿಟ್ಟುಬಿಡುತ್ತೇವೆ ಎಂದು ಅವರ ಹಳೆಯ ಗೆಳೆಯರೇ ದಾರಿ ತೋರಿಸಿದ್ದರಂತೆ. ಅವರು ಕೋರ್ಟಿನ ಬಾಗಿಲಲ್ಲಿ ನಿಂತು ಎಲ್ಲರ ಎದುರು ಹೇಳಿದ್ದರು. ಹೌದು, ಅದು ನಾನೇ. ಅವನ ಜೊತೆ ಒಂದೇ ಎಲೆಯಲ್ಲಿ ಉಂಡಿದ್ದೇನೆ. ನಾವು ಮಾತು ಕೊಟ್ಟುಕೊಂಡಿದ್ದೆವು.

"ಹಂಗೇ ಹೇಳಿದ್ರಾ? ಒಂದೇ ಎಲೆ ಅಂತ?"

"ಹಂಗೇ ಬರೆದೈತೆ ಅಕ್ಕಾ."

ಕುನ್ನತ್ತೂರಿನ ಪಂಚಾಯಿತಿಯಲ್ಲಿ, ಗಂಡನ ಹೆಣ ಇನ್ನೂ ಮಣ್ಣಾಗದ ದಿನ, ಆ ಒಂದು ಮಾತನ್ನು ಭಾವನ ಬಾಯಿಂದ ಕೇಳಲು ಅವಳು ಎಲ್ಲರ ಕಾಲು ಹಿಡಿದಿದ್ದಳು. ಹೌದು, ರಾಜಿಯಾಗಿದ್ದೆವು, ಅನ್ನಲಿ ಸಾಕು, ಬೇರೇನೂ ಬೇಡ ಎಂದಿದ್ದಳು. ಆ ಮಾತು ಈಗ ಬಂದಿತ್ತು, ಯಾವುದೋ ದೇಶದಿಂದ, ಯಾರದೋ ಬಾಯಿಂದ.

"ಹೇಳಿಬಿಟ್ಟರು" ಎಂದಳು. "ಆದ್ರೆ ಕೇಳಬೇಕಾದೋರು ಇಲ್ವಲ್ಲ ಮುದಲಾಳಿ."

 ಒಲೆಯ ಮೇಲೆ ಅನ್ನ ಉಕ್ಕಿ, ಗಂಜಿ ಹರಿದು ಬೆಂಕಿಗೆ ಬಿದ್ದು ಚುಂಯ್‌ಗುಟ್ಟತೊಡಗಿತು. ಯಾವತ್ತೂ ಒಂದು ಅಗುಳು ಚೆಲ್ಲದವಳು ಕೂತಲ್ಲಿಂದ ಅಲುಗಲಿಲ್ಲ; ಮುದಲಾಳಿಯೇ ಎದ್ದು ಹೋಗಿ ಸೌದೆ ಹಿಂದಕ್ಕೆಳೆದರು.